ಕುಣಿಗಲ್ ಲಾಯದ ಲೆಕ್ಕ: ಬೀಜದ ಕುದುರೆ ಬಿಟ್ಟುಹೋಗುವುದು ಏನನ್ನು?

1990ರ ಜೂನ್ ತಿಂಗಳು. ಇಂಗ್ಲೆಂಡಿನ ಎಪ್ಸಮ್ ಡರ್ಬಿಯಲ್ಲಿ ಜನ ಹುರುಪಿನಿಂದ ದುಡ್ಡು ಕಟ್ಟಿದ್ದು ರಝೀನ್ ಎಂಬ ಕುದುರೆಯ ಮೇಲೆ. ಓಟ ಮುಗಿದಾಗ ಅದು ಎಲ್ಲೋ ಹಿಂದಿನ ಗುಂಪಿನಲ್ಲಿತ್ತು. ಕಟ್ಟಿದವರ ದುಡ್ಡು ನೀರಿಗೆ ಬಿತ್ತು. ಆಮೇಲೆ ಆ ಕುದುರೆ ಭಾರತಕ್ಕೆ ಬಂತು, ಕುದುರೆ ಸಾಕುವ ಫಾರಂ ಆದ ಉಷಾ ಸ್ಟಡ್‌ನಲ್ಲಿ ಬೀಜದ ಕುದುರೆಯಾಗಿ ನಿಂತಿತು. ಅದರ ಮರಿಗಳು ನಮ್ಮ ದೊಡ್ಡ ದೊಡ್ಡ ರೇಸುಗಳನ್ನು ಗೆಲ್ಲುತ್ತಾ ಹೋದವು. ಯಾವ ಗಂಡು ಕುದುರೆಯ ಮರಿಗಳು ವರ್ಷದಲ್ಲಿ ಜಾಸ್ತಿ ಬಹುಮಾನದ ಹಣ ತರುತ್ತವೋ ಅದಕ್ಕೆ ಚಾಂಪಿಯನ್ ಸೈರ್ ಅನ್ನುತ್ತಾರೆ. ಆ ಪಟ್ಟ ರಝೀನ್‌ಗೆ ಮತ್ತೆ ಮತ್ತೆ ಸಿಕ್ಕಿತು.

ಡರ್ಬಿಯಲ್ಲಿ ಸೋತ ಕುದುರೆಯನ್ನು ಅಷ್ಟು ದೂರದಿಂದ ತಂದದ್ದು ಯಾಕೆ? ಅದರ ಅಪ್ಪ ಬೀಜದ ಕುದುರೆಗಳಲ್ಲೇ ದೊಡ್ಡ ಹೆಸರಾದ ನಾರ್ದರ್ನ್ ಡಾನ್ಸರ್, ಅದಕ್ಕೆ.

ತುಮಕೂರು ಜಿಲ್ಲೆಯಲ್ಲಿ ಕೂತು ಈ ಕಥೆ ಹೇಳುವುದಕ್ಕೆ ಕಾರಣ ಇದೆ. ಬೆಂಗಳೂರಿನಿಂದ ಹಾಸನದ ಕಡೆ ಹೋಗುವ ಹೆದ್ದಾರಿಯಲ್ಲಿ 70 ಕಿಲೋಮೀಟರ್ ಬಂದರೆ ಕುಣಿಗಲ್. ಅಲ್ಲಿ ಊರಿಗೆ ಅಂಟಿಕೊಂಡೇ 420 ಎಕರೆಯಷ್ಟು ಜಾಗದಲ್ಲಿ ಕುದುರೆ ಫಾರಂ ಇದೆ. ಟಿಪ್ಪು ಕಾಲದಲ್ಲಿ ಸೈನ್ಯದ ಕುದುರೆಗೋಸ್ಕರ ಶುರುವಾದದ್ದು. ಆಮೇಲೆ ಬ್ರಿಟಿಷರ ಕೈಗೆ, ಮೈಸೂರು ಮಹಾರಾಜರ ಕೈಗೆ, ಸರ್ಕಾರದ ಕೈಗೆ. 1992ರಲ್ಲಿ ಸರ್ಕಾರ ಇದನ್ನು ವಿಜಯ್ ಮಲ್ಯ ಅವರ ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್ ಕಂಪನಿಗೆ 30 ವರ್ಷದ ಗುತ್ತಿಗೆಗೆ ಕೊಟ್ಟಿತು. ಆ ಅವಧಿ 2022ಕ್ಕೆ ಮುಗಿಯಿತು. ಮುಂದೇನು ಅನ್ನೋ ಪ್ರಶ್ನೆಗೆ ಒಂದು ಸಲ ಟೌನ್‌ಶಿಪ್ ಅಂತಾರೆ, ಇನ್ನೊಂದು ಸಲ ಬೆಂಗಳೂರಿನ ರೇಸ್ ಕೋರ್ಸನ್ನೇ ಇಲ್ಲಿಗೆ ತರೋಣ ಅಂತಾರೆ. ಪರಂಪರೆ ಉಳಿಸಿ ಅನ್ನೋರು ಒಂದು ಕಡೆ, ಅಷ್ಟು ಜಾಗ ನಾಲ್ಕು ಶ್ರೀಮಂತರ ಶೋಕಿಗೆ ಯಾಕೆ ಅನ್ನೋರು ಇನ್ನೊಂದು ಕಡೆ. ಈ ಜಗಳದಲ್ಲಿ ಕುದುರೆ ಸಾಕೋದು ಹೇಗೆ ನಡೆಯುತ್ತೆ ಅನ್ನೋದನ್ನು ಮಾತ್ರ ಯಾರೂ ಮಾತಾಡುತ್ತಿಲ್ಲ. ಅದು ಗೊತ್ತಿಲ್ಲದೆ ಫಾರಂ ಇರಬೇಕೋ ಬೇಡವೋ ಅಂತ ಹೇಳುವುದು ಕಷ್ಟ.

ನಮ್ಮ ಕಡೆಯವರಿಗೆ ಇದು ತೀರಾ ಹೊಸ ವಿಷಯ ಏನಲ್ಲ. ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋಗಿ ನೋಡಿ. ಹಳ್ಳಿಕಾರ್ ಕರುವಿನ ಹಲ್ಲು ನೋಡಿ, ಸುಳಿ ನೋಡಿ, ಬಾಲ ಎಳೆದು, ಕೊನೆಗೆ ಕೇಳೋ ಮಾತು: ‘ಯಾವ ಹೋರಿಗೆ ಹುಟ್ಟಿದ್ದು?’ ಉತ್ತರದಲ್ಲಿ ಬರೋ ಹೆಸರಿನ ಮೇಲೆ ಬೆಲೆ ಏರುತ್ತೆ, ಇಳಿಯುತ್ತೆ. ರೇಸಿಗೆ ಅಂತಲೇ ಬೆಳೆಸುವ ಥರೋಬ್ರೆಡ್ ತಳಿಯ ಕುದುರೆ ವ್ಯಾಪಾರದಲ್ಲೂ ಕೇಳೋದು ಇದನ್ನೇ. ಸುಳಿಯ ಮಾತು ಬಂತಲ್ಲ, ರೇಸ್ ಕುದುರೆಯ ಪಾಸ್‌ಪೋರ್ಟಿನಲ್ಲೂ ಸುಳಿ ಎಲ್ಲೆಲ್ಲಿದೆ ಅಂತ ಗುರುತು ಹಾಕುತ್ತಾರೆ. ಅಲ್ಲಿ ಅದು ಶಕುನ ನೋಡೋದಕ್ಕಲ್ಲ, ಕುದುರೆ ಅದಲುಬದಲು ಆಗದಿರಲಿ ಅಂತ. ಈಗ ಮೈಕ್ರೋಚಿಪ್ಪೂ ಇದೆ, ಡಿಎನ್ಎ ಪರೀಕ್ಷೆಯೂ ಇದೆ. ಆದರೂ ಸುಳಿ ಬಿಟ್ಟಿಲ್ಲ.

ಹೋರಿಗೂ ಕುದುರೆಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಹಸು ಬೆದೆಗೆ ಬಂತು ಅಂದರೆ ಈಗ ಯಾರೂ ಹೋರಿ ಹುಡುಕಿಕೊಂಡು ಹೋಗುವುದಿಲ್ಲ. ಪಶು ಆಸ್ಪತ್ರೆಯವರಿಗೆ ಫೋನ್ ಮಾಡಿದರೆ ಸಾರಜನಕದ ಕ್ಯಾನ್ ಹಿಡಿದು ಬರುತ್ತಾರೆ, ಹೆಪ್ಪುಗಟ್ಟಿಸಿದ ವೀರ್ಯದ ಒಂದು ಸ್ಟ್ರಾ ಹಾಕಿ ಹೋಗುತ್ತಾರೆ. ಹೋರಿ ಸತ್ತು ಹತ್ತು ವರ್ಷ ಆಗಿದ್ದರೂ ಕರು ಹುಟ್ಟಬಹುದು. ಥರೋಬ್ರೆಡ್‌ನಲ್ಲಿ ಇದಕ್ಕೆ ಅವಕಾಶವೇ ಇಲ್ಲ. ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಯನ್ನು ಯಾವ ದೇಶದ ವಂಶಾವಳಿ ಪುಸ್ತಕವೂ ಸೇರಿಸಿಕೊಳ್ಳುವುದಿಲ್ಲ. ಗಂಡು, ಹೆಣ್ಣು ಎದುರುಬದುರು ನಿಲ್ಲಲೇಬೇಕು. ಈ ಪುಸ್ತಕದ ಪದ್ಧತಿ ಇಂಗ್ಲೆಂಡಿನಲ್ಲಿ 1791ರಲ್ಲಿ ಶುರುವಾಯಿತು. ಅದೇ ವರ್ಷ ಕಾರ್ನ್‌ವಾಲಿಸ್ ಸೈನ್ಯ ಬೆಂಗಳೂರು ಕೋಟೆ ಹಿಡಿದಿತ್ತು, ಟಿಪ್ಪು ಕುದುರೆ ಕೂಡಿಹಾಕುತ್ತಿದ್ದ ಕಾಲ. ನಮ್ಮ ದೇಶದ ಪುಸ್ತಕ ಇರುವುದು ಪುಣೆಯಲ್ಲಿ. ಅದರಲ್ಲಿ ಹೆಸರಿಲ್ಲ ಅಂದರೆ ಕುದುರೆ ಎಷ್ಟೇ ಜೋರಾಗಿ ಓಡಲಿ, ರೇಸಿಗೆ ಬಿಡುವುದಿಲ್ಲ.

ಈ ನಿಯಮದಿಂದಲೇ ಬೀಜದ ಕುದುರೆಗೆ ಅಷ್ಟು ಬೆಲೆ. ಅದು ಇರೋ ಜಾಗಕ್ಕೇ ಹೆಣ್ಣು ಕುದುರೆ ಬರಬೇಕು. ಅದಕ್ಕಿರೋದು ಒಂದೇ ದೇಹ, ವರ್ಷಕ್ಕೆ ನಾಲ್ಕೈದು ತಿಂಗಳ ಸೀಸನ್ನು. ಸತ್ತ ದಿನಕ್ಕೆ ಅಂಗಡಿ ಬಂದ್.

ಕೂಡಿಸುವ ದಿನ ಏನು ನಡೆಯುತ್ತೆ ಅನ್ನೋದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೊದಲು ಬರುವುದು ಅಸಲಿ ಗಂಡಲ್ಲ, ಟೀಸರ್ ಅನ್ನೋ ಇನ್ನೊಂದು ಗಂಡು ಕುದುರೆ. ನಡುವೆ ಮೆತ್ತೆ ಕಟ್ಟಿದ ಗೋಡೆ. ಗೋಡೆಯ ಈಚೆ ಹೆಣ್ಣು, ಆಚೆ ಟೀಸರ್. ಹೆಣ್ಣು ಕಿವಿ ಹಿಂದಕ್ಕೆ ಮಡಚಿ ಒದ್ದರೆ ಇನ್ನೂ ಬೆದೆಗೆ ಬಂದಿಲ್ಲ ಅಂತ ಲೆಕ್ಕ. ಬಾಲ ಎತ್ತಿ ಸುಮ್ನೆ ನಿಂತರೆ ಸಮಯ ಆಯಿತು. ಆಗ ಟೀಸರನ್ನು ವಾಪಸ್ ಲಾಯಕ್ಕೆ ಎಳೆದುಕೊಂಡು ಹೋಗುತ್ತಾರೆ. ಪಾಪ, ಅದರ ಕೆಲಸ ಅಷ್ಟೇ. ಒದೆ ತಿನ್ನೋದು ಅದು, ಹೆಸರು ಇನ್ನೊಬ್ಬನಿಗೆ. ಆಮೇಲೆ ಹೆಣ್ಣಿನ ಬಾಲಕ್ಕೆ ಬಟ್ಟೆ ಸುತ್ತುತ್ತಾರೆ, ಹಿಂಗಾಲಿಗೆ ಮೆತ್ತನೆ ಬೂಟು ಹಾಕುತ್ತಾರೆ, ಮೇಲ್ತುಟಿಗೆ ಹಗ್ಗದ ಕುಣಿಕೆ ತಿರುಚಿ ಹಿಡಿಯುತ್ತಾರೆ. ಕೋಟಿಗಟ್ಟಲೆ ಬಾಳೋ ಗಂಡಿಗೆ ಒಂದು ಒದೆ ಸರಿಯಾಗಿ ಬಿದ್ದರೆ ಕಥೆ ಮುಗೀತು. ಅದಕ್ಕೇ ಇಷ್ಟೆಲ್ಲ. ನಿಜವಾದ ಕೆಲಸ ಒಂದೆರಡು ನಿಮಿಷದ್ದು.

ಎರಡು ವಾರಕ್ಕೆ ಸ್ಕ್ಯಾನಿಂಗ್. ಗಬ್ಬ ನಿಂತಿದ್ದರೆ ಮುಂದಿನ ಹನ್ನೊಂದು ತಿಂಗಳು ಕಾಯಬೇಕು. ಕುದುರೆ ಈಯೋದು ಸಾಮಾನ್ಯವಾಗಿ ರಾತ್ರಿ, ಜನ ಮಲಗಿದ ಹೊತ್ತಿನಲ್ಲಿ. ಆ ದಿನಗಳಲ್ಲಿ ಲಾಯದ ಹುಡುಗರಿಗೆ ನಿದ್ದೆ ಇಲ್ಲ. ಆಗ ತಾನೇ ಬಿದ್ದ ಮರಿಯ ಗೊರಸಿನ ತುದಿ ಬಿಳಿ ಬಿಳಿಯಾಗಿ, ಎಳನೀರು ಗಂಜಿಯ ಹಾಗೆ ಮೆತ್ತಗೆ, ಎಳೆಎಳೆಯಾಗಿ ಜೋತಾಡುತ್ತಿರುತ್ತೆ. ತಾಯಿಯ ಗರ್ಭಚೀಲ ಹರಿಯದಿರಲಿ ಅಂತ ಪ್ರಕೃತಿ ಹಾಕಿದ ಕವಚ ಅದು. ಒಂದೆರಡು ಗಂಟೆಯಲ್ಲಿ ಮರಿ ಎದ್ದು ನಿಂತು ಮೊಲೆ ಹುಡುಕುತ್ತೆ. ಬಹಳಷ್ಟು ಒಪ್ಪಂದಗಳಲ್ಲಿ ಗಂಡಿನ ಫೀಸು ಕೊಡಬೇಕಾಗುವುದು ಈ ಘಳಿಗೆ ದಾಟಿದ ಮೇಲೇ: ಮರಿ ಎದ್ದು ನಿಂತಿರಬೇಕು, ಹಾಲು ಕುಡಿದಿರಬೇಕು.

ಇಂಥ ಷರತ್ತೇ ಇಲ್ಲದೆ ಜನ ದುಡ್ಡು ಸುರಿದದ್ದು ನಾರ್ದರ್ನ್ ಡಾನ್ಸರ್‌ಗೆ. ಅದು ಹುಟ್ಟಿದ್ದು ಕೆನಡಾದಲ್ಲಿ, 1961ರ ಮೇ 27ಕ್ಕೆ. ಉತ್ತರ ಗೋಳದ ಎಲ್ಲ ಥರೋಬ್ರೆಡ್‌ಗಳಿಗೂ ಹುಟ್ಟುಹಬ್ಬ ಜನವರಿ 1. ಜನವರಿಯಲ್ಲಿ ಹುಟ್ಟಿದ ಮರಿಯ ಜೊತೆ ಮೇ ಕೊನೆಯಲ್ಲಿ ಹುಟ್ಟಿದ್ದೂ ಒಂದೇ ವಯಸ್ಸು ಅಂತ ಓಡಬೇಕು. ಮೇಲಾಗಿ ಕುಳ್ಳು. ಒಂದು ವರ್ಷದ ಮರಿಯಾಗಿದ್ದಾಗ 25,000 ಡಾಲರ್ ಬೆಲೆ ಇಟ್ಟರೂ ಯಾರೂ ಕೊಳ್ಳಲಿಲ್ಲ. ವಿಧಿಯಿಲ್ಲದೆ ಸಾಕಿದವರೇ ಇಟ್ಟುಕೊಂಡರು. 1964ರಲ್ಲಿ ಅದು ಕೆಂಟಕಿ ಡರ್ಬಿಯನ್ನು ಸರಿಯಾಗಿ 2 ನಿಮಿಷದಲ್ಲಿ ಓಡಿ ಗೆದ್ದಿತು. ಆಗ ಅದು ದಾಖಲೆ. ಒಟ್ಟು ಓಡಿದ್ದು 18 ಸಲ, ಗೆದ್ದದ್ದು 14.

ಬೀಜಕ್ಕೆ ಬಿಟ್ಟಾಗ ಕುಳ್ಳತನ ಮತ್ತೆ ಕಾಡಿತು. ಎತ್ತರದ ಹೆಣ್ಣುಗಳಿಗೆ ಎಟುಕಲಿ ಅಂತ ನೆಲವನ್ನೇ ಏರುತಗ್ಗು ಮಾಡಬೇಕಾಯಿತು. ಮೊದಮೊದಲು ಫೀಸು 10,000 ಡಾಲರ್. ಮಗ ನಿಜಿನ್‌ಸ್ಕಿ 1970ರಲ್ಲಿ ಇಂಗ್ಲೆಂಡಿನ ಟ್ರಿಪಲ್ ಕ್ರೌನ್, ಅಂದರೆ ಒಂದೇ ವರ್ಷದಲ್ಲಿ ಮೂರು ದೊಡ್ಡ ರೇಸು, ಹೊಡೆದ ಮೇಲೆ ಯುರೋಪಿನ ದೊಡ್ಡ ದೊಡ್ಡ ಮಾಲೀಕರೆಲ್ಲ ಸಾಲುಗಟ್ಟಿದರು. 1980ರ ದಶಕಕ್ಕೆ ಫೀಸು 10 ಲಕ್ಷ ಡಾಲರ್ ಮುಟ್ಟಿತ್ತು. ಗಬ್ಬ ನಿಲ್ಲದಿದ್ದರೂ ದುಡ್ಡು ವಾಪಸ್ ಇಲ್ಲ. ಸುಮಾರು 640 ಮರಿಗಳಲ್ಲಿ 147 ದೊಡ್ಡ ದರ್ಜೆಯ ರೇಸು ಗೆದ್ದವು. ಮಗ ಸ್ಯಾಡ್ಲರ್ಸ್ ವೆಲ್ಸ್ ಇಂಗ್ಲೆಂಡ್-ಐರ್ಲೆಂಡಿನಲ್ಲಿ 14 ಸಲ ಚಾಂಪಿಯನ್ ಸೈರ್. ಮೊಮ್ಮಗ ಗೆಲಿಲಿಯೋ 12 ಸಲ. ಮರಿಮಗ ಫ್ರಾಂಕೆಲ್ ಓಡಿದ 14 ರೇಸನ್ನೂ ಗೆದ್ದದ್ದು. ರಝೀನ್ ಈ ಅಜ್ಜನ ಮುದಿ ವಯಸ್ಸಿನ ಮಗ.

ಇದನ್ನು ಓದಿ ‘ಅಪ್ಪ ಚೆನ್ನಾಗಿದ್ದರೆ ಮಗ ಚೆನ್ನಾಗಿರುತ್ತೆ’ ಅಂತ ನಂಬಿದರೆ ಕೈ ಸುಟ್ಟುಕೊಳ್ಳುತ್ತೀರಿ. ಸಿಗಾರ್ ಎಂಬ ಅಮೆರಿಕದ ಕುದುರೆ ಸತತ 16 ರೇಸು ಗೆದ್ದಿತು. 1997ರಲ್ಲಿ ಬೀಜಕ್ಕೆ ಬಿಟ್ಟರು. ಒಂದು ಹೆಣ್ಣೂ ಗಬ್ಬ ನಿಲ್ಲಲಿಲ್ಲ. ವಿಮಾ ಕಂಪನಿಯೇ ದುಡ್ಡು ಕಟ್ಟಿಕೊಡಬೇಕಾಯಿತು. ಇನ್ನೊಂದು ಸೆಕ್ರೆಟೇರಿಯಟ್. ನಾರ್ದರ್ನ್ ಡಾನ್ಸರ್‌ನ 2 ನಿಮಿಷದ ದಾಖಲೆ ಮುರಿದದ್ದು ಅದೇ, 1973ರಲ್ಲಿ. ಅಂಥಾ ಕುದುರೆಯ ಗಂಡು ಮಕ್ಕಳಲ್ಲಿ ವಂಶ ಮುಂದುವರಿಸುವಂಥವು ಬರಲಿಲ್ಲ. ಜನ ನಿರಾಸೆಯಾಗಿ ಕೈಬಿಟ್ಟರು. ಆದರೆ ಅದರ ಹೆಣ್ಣು ಮಕ್ಕಳ ಹೊಟ್ಟೆಯಲ್ಲಿ ಸ್ಟಾರ್ಮ್ ಕ್ಯಾಟ್ ಹುಟ್ಟಿತು, ಎ.ಪಿ. ಇಂಡಿ ಹುಟ್ಟಿತು. ಎರಡೂ ಮುಂದೆ ಅಮೆರಿಕದ ಕುದುರೆ ಲೋಕವನ್ನೇ ಆಳಿದವು. ತಾತನ ಆಸ್ತಿ ಮಗಳ ಮೂಲಕ ಮೊಮ್ಮಗನಿಗೆ ಹೋಯಿತು ಅನ್ನಿ.

ಇಲ್ಲಿಂದ ನನ್ನ ಮಾತು ಶುರು. ಲೇಖನಕ್ಕೆ ಹೆಡ್ಡಿಂಗ್ ಆಗುವುದು, ಜಾಹೀರಾತಿನಲ್ಲಿ ಬರುವುದು ಯಾವಾಗಲೂ ಗಂಡು ಕುದುರೆ. ಆದರೆ ಕುದುರೆ ಸಾಕೋರ ನುಡಿಗಟ್ಟನ್ನೇ ಕಿವಿಗೊಟ್ಟು ಕೇಳಿ. ಒಂದೇ ಅಪ್ಪನಿಗೆ ಹುಟ್ಟಿದ ಎರಡು ಕುದುರೆಗಳನ್ನು ಅವರು ಅಣ್ಣತಮ್ಮ ಅನ್ನುವುದಿಲ್ಲ. ವರ್ಷಕ್ಕೆ ನೂರು ಮರಿ ಕೊಡೋ ಅಪ್ಪನ ಕಡೆಯಿಂದ ಸಂಬಂಧ ಎಣಿಸಿದರೆ ಊರೆಲ್ಲ ನೆಂಟರೇ. ಒಂದೇ ತಾಯಿ ಇದ್ದರೆ ಮಾತ್ರ ಅಣ್ಣತಮ್ಮ. ‘ಫ್ಯಾಮಿಲಿ’ ಅಂದರೆ ತಾಯಿಯ ಕಡೆ, ತಾಯಿಯ ತಾಯಿಯ ಕಡೆ.

ವಿಜ್ಞಾನವೂ ಸ್ವಲ್ಪ ಹೀಗೇ ಹೇಳುತ್ತೆ. ಇವತ್ತಿನ ಥರೋಬ್ರೆಡ್ ಗಂಡುಗಳಲ್ಲಿ ಶೇ. 95ರಷ್ಟು ಅಪ್ಪನ ಸಾಲಿನಲ್ಲಿ ಡಾರ್ಲಿ ಅರೇಬಿಯನ್ ಎಂಬ ಒಂದೇ ಅರಬ್ಬಿ ಕುದುರೆಗೆ ಹೋಗಿ ಮುಟ್ಟುತ್ತವೆ. ಹಾಗಾದರೆ ಓಟವೂ ಅದರದ್ದೇ ಅಂದುಕೊಂಡರೆ, ಅಲ್ಲ. ಮಾಂಸಖಂಡ ಬೆಳೆಯುವುದಕ್ಕೆ ಸಂಬಂಧಪಟ್ಟ ಮಯೋಸ್ಟ್ಯಾಟಿನ್ ಎಂಬ ಜೀನ್ ಇದೆ. ಕಡಿಮೆ ದೂರದ ಬಿರುಸಿನ ಓಟಕ್ಕೆ ಒಗ್ಗುವ ಅದರ ಒಂದು ಬಗೆ ಎಲ್ಲಿಂದ ಬಂತು ಅಂತ 2012ರ ಒಂದು ಅಧ್ಯಯನ ಹುಡುಕಿತು. ಸಿಕ್ಕಿದ್ದು ಸುಮಾರು 300 ವರ್ಷ ಹಿಂದಿನ ಒಂದು ಹೆಣ್ಣು ಕುದುರೆ. ಬಹುಶಃ ಬ್ರಿಟನ್ನಿನದೇ ನಾಟಿ ತಳಿ. ಆ ಬಗೆಯನ್ನು ಈಚಿನ ಕಾಲದಲ್ಲಿ ಊರೂರಿಗೆ ಹಂಚಿದ್ದು ನಿಯಾರ್ಕ್ಟಿಕ್ ಎಂಬ ಗಂಡು, ನಾರ್ದರ್ನ್ ಡಾನ್ಸರ್‌ನ ಅಪ್ಪ. ಅಂದರೆ ಮೂಲ ಹೆಣ್ಣಿನದ್ದು, ಪೋಸ್ಟ್‌ಮನ್ ಕೆಲಸ ಗಂಡಿನದ್ದು.

ಕುಣಿಗಲ್‌ಗೂ ಈ ರಕ್ತ ಬಂದಿದೆ. ಸ್ಯಾಡ್ಲರ್ಸ್ ವೆಲ್ಸ್‌ಗೆ ಫೇರಿ ಕಿಂಗ್ ಅಂತ ಒಬ್ಬ ತಮ್ಮ. ಅಪ್ಪನೂ ಒಂದೇ, ತಾಯಿಯೂ ಒಂದೇ. ಅದು ಓಡಿದ್ದು ಜೀವಮಾನದಲ್ಲಿ ಒಂದೇ ಸಲ, ಅದರಲ್ಲೇ ಕಾಲು ಪೆಟ್ಟು ಮಾಡಿಕೊಂಡಿತು. ಆದರೂ ಅಣ್ಣನ ಹೆಸರಿನ ಬಲದಿಂದ ಬೀಜಕ್ಕೆ ನಿಂತಿತು. 1996ರಲ್ಲಿ ಫ್ರಾನ್ಸಿನ ಚಾಂಪಿಯನ್ ಸೈರ್ ಆಯಿತು. ಅದರ ಮಗ ಬರ್ಡನ್ ಆಫ್ ಪ್ರೂಫ್ ಐರ್ಲೆಂಡಿನಲ್ಲಿ ಓಡಿ, ಆಮೇಲೆ ಕುಣಿಗಲ್ ಲಾಯಕ್ಕೆ ಬಂತು. 2011ರಲ್ಲಿ ಅಮೆರಿಕದ ವರ್ಜೀನಿಯಾ ಡರ್ಬಿ ಗೆದ್ದ ಏರ್ ಸಪೋರ್ಟ್ ಕೂಡ ಮುಂದೆ ಇಲ್ಲಿಗೇ ಬಂತು. ರಾಗಿ ಹೊಲದ ಪಕ್ಕದಲ್ಲಿ ಐರ್ಲೆಂಡು, ಅಮೆರಿಕದ ಕುದುರೆಗಳು. ಇಂಗ್ಲಿಷರು ನಮ್ಮ ಹುರುಳಿಗೆ ಕುದುರೆ ಕಾಳು ಅಂತ ಹೆಸರಿಟ್ಟರು, ನಾವು ಲೂಸರ್ನ್ ಮೇವಿಗೆ ಕುದುರೆ ಮಸಾಲೆ ಅಂತ ಇಟ್ಟೆವು. ಲೆಕ್ಕ ಸರಿಹೋಯಿತು.

ಗಮನಿಸಬೇಕಾದ್ದು ಏನಂದರೆ, ಈ ಗಂಡುಗಳೆಲ್ಲ ದುಡ್ಡು ಕೊಟ್ಟು ತಂದವು. ನಾಳೆ ಇನ್ನೊಬ್ಬರು ದುಡ್ಡು ಕೊಟ್ಟರೆ ಇನ್ನೊಂದು ಬರುತ್ತೆ. ವಿಮಾನದಲ್ಲಿ ತಂದು ನಿಲ್ಲಿಸಿದರೆ ಆಯಿತು. ತರಲಾಗದ್ದು ತಲೆಮಾರುಗಟ್ಟಲೆ ಒಂದೇ ನೆಲದಲ್ಲಿ ಮೇದು ಈದ ಹೆಣ್ಣು ಕುದುರೆಗಳ ಸಾಲು. ಯಾವ ತಾಯಿಗೆ ಯಾವ ಗಂಡು ಹೊಂದುತ್ತೆ, ಯಾವ ತಾಯಿಯ ಮರಿಗಳ ಮೊಣಕಾಲು ಸೊಟ್ಟ ಬರುತ್ತೆ, ಯಾವುದು ಎರಡನೇ ಸೂಲಿನಲ್ಲಿ ಚೆನ್ನಾಗಿ ಹಾಲು ಕೊಡುತ್ತೆ, ಇದೆಲ್ಲ ಕುದುರೆ ನೋಡಿಕೊಳ್ಳುವ ಸೈಸ್‌ಗಳ ತಲೆಯಲ್ಲಿ, ರಿಜಿಸ್ಟರಿನಲ್ಲಿ ಇರುವ ಸಂಗತಿ. ನಾನೂರು ಎಕರೆ ಬೇಕಾಗುವುದೂ ಇದಕ್ಕೇ. ಮರಿಗಳ ಮೂಳೆ ಗಟ್ಟಿಯಾಗುವುದು ಬಯಲಲ್ಲಿ ಓಡಿ. ಒಂದೇ ಜಾಗದಲ್ಲಿ ಮೇಯಿಸಿದರೆ ಲದ್ದಿಯಲ್ಲಿ ಜಂತುಹುಳು ಹೆಚ್ಚುತ್ತೆ, ಅದಕ್ಕೆ ಹುಲ್ಲುಗಾವಲಿಗೆ ಸರದಿ ಪ್ರಕಾರ ಬಿಡುವು ಕೊಡಬೇಕು.

ಈಗ ಗುತ್ತಿಗೆಯ ಲೆಕ್ಕಕ್ಕೆ ಬನ್ನಿ. ಹೊಸ ಗಂಡು ಕುದುರೆಯನ್ನು ಈ ಫೆಬ್ರವರಿಯಲ್ಲಿ ಕೂಡಿಸಿದರೆ ಮುಂದಿನ ಜನವರಿಗೆ ಮರಿ. ಆ ಮರಿ ಎರಡು ತುಂಬಿ, ಮೂರಕ್ಕೆ ಕಾಲಿಟ್ಟು ಓಡಿ, ಯೋಗ್ಯತೆ ತಿಳಿಯುವ ಹೊತ್ತಿಗೆ ನಾಲ್ಕೈದು ವರ್ಷ ಹೋಗಿರುತ್ತೆ. ಅಷ್ಟರಲ್ಲಿ ಅದೇ ಗಂಡಿನ ಇನ್ನೂ ಮೂರ್ನಾಲ್ಕು ವರ್ಷದ ಮರಿಗಳು ನೆಲದ ಮೇಲಿರುತ್ತವೆ. ಗಂಡು ಸುಮಾರಾಗಿತ್ತು ಅಂದರೆ ಅಷ್ಟೂ ದಂಡ. ಹೆಣ್ಣಿನ ಲೆಕ್ಕ ಇನ್ನೂ ನಿಧಾನ. ಹೆಣ್ಣು ಮರಿ ಹುಟ್ಟಿ, ರೇಸಿನಲ್ಲಿ ಓಡಿ, ಫಾರಂಗೆ ವಾಪಸ್ ಬಂದು, ಗಬ್ಬ ನಿಂತು, ಅದರ ಮರಿ ಓಡುವವರೆಗೆ ಹತ್ತು ವರ್ಷ. 30 ವರ್ಷದ ಗುತ್ತಿಗೆ ಅಂದರೆ ಹೆಚ್ಚೆಂದರೆ ಮೂರು ತಲೆಮಾರು. ಕೊನೆಯ ಐದು ವರ್ಷದಲ್ಲಿ ಯಾವ ಬುದ್ಧಿವಂತನೂ ಒಳ್ಳೆ ಗಂಡಿಗೆ ದುಡ್ಡು ಹಾಕುವುದಿಲ್ಲ, ಫಸಲು ಇನ್ನೊಬ್ಬರ ಪಾಲಾಗುತ್ತೋ ಏನೋ. ಅವಧಿ ಮುಗಿದು, ಮುಂದಿನ ತೀರ್ಮಾನ ಅತ್ತ ಇತ್ತ ತೂಗಾಡುತ್ತಿದ್ದರೆ ಇನ್ನೂ ಕಷ್ಟ. ಫಾರಂ ಮುಚ್ಚಿ ಅಂತ ಯಾರೂ ಆದೇಶ ಕೊಡಬೇಕಿಲ್ಲ. ವರ್ಷ ವರ್ಷಕ್ಕೆ ಮುಂದೂಡಿದರೆ ಸಾಕು, ತಾನಾಗಿ ಸೊರಗುತ್ತೆ.

ಇದರ ಮೇಲೆ ತೆರಿಗೆಯ ಪೆಟ್ಟು. ರೇಸ್ ಬೆಟ್ಟಿಂಗಿನ ಮೇಲೆ ಶೇ. 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಿಂದ ಶೇ. 40 ಆಯಿತು. ಜೂಜಿಗೆ ಜಾಸ್ತಿ ತೆರಿಗೆ ಹಾಕಿದರೆ ಅಳೋರು ಯಾರೂ ಇಲ್ಲ, ಅಳಬೇಕು ಅಂತ ನಾನೂ ಹೇಳುತ್ತಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟ್ ರೇಸು ಕೌಶಲದ ಆಟ ಅಂತ ಹೇಳಿದ್ದರೂ, ನಮ್ಮ ಮನೆಗಳಲ್ಲಿ ‘ರೇಸಿಗೆ ಹೋಗ್ತಾನೆ’ ಅಂದರೆ ಹೆಣ್ಣು ಕೊಡುತ್ತಿರಲಿಲ್ಲ. ಆದರೆ ದುಡ್ಡು ಹರಿಯೋ ದಾರಿ ನೋಡಬೇಕು. ಲೆಕ್ಕಕ್ಕೆ ಸಿಗುವ ಬೆಟ್ಟಿಂಗ್ ಇಳಿದರೆ ರೇಸ್ ನಡೆಸುವ ಕ್ಲಬ್ಬಿನ ವರಮಾನ ಇಳಿಯುತ್ತೆ. ಬಹುಮಾನದ ಮೊತ್ತ ಇಳಿಯುತ್ತೆ. ಮರಿ ಕೊಳ್ಳೋರು ಕೈ ಹಿಡಿತ ಮಾಡುತ್ತಾರೆ. ಕೊನೆಗೆ ಫಾರಂನವರು ಮಾಡುವ ಮೊದಲ ಉಳಿತಾಯ ಹೆಣ್ಣು ಕುದುರೆಗಳ ಸಂಖ್ಯೆ ಇಳಿಸುವುದು. ಬೆಟ್ಟಿಂಗ್ ಮಾತ್ರ ನಿಲ್ಲುವುದಿಲ್ಲ, ಚೀಟಿ ಬರೆಯದ ಬುಕ್ಕಿಯ ಕಡೆ ಹೊರಳುತ್ತೆ.

ಹಾಗಾದರೆ ಸರ್ಕಾರಿ ಜಮೀನು ಶ್ರೀಮಂತರ ಆಟಕ್ಕೆ ಯಾಕೆ? ಈ ಪ್ರಶ್ನೆಯನ್ನು ತಳ್ಳಿಹಾಕೋಕೆ ಆಗಲ್ಲ. ಬೆಂಗಳೂರಿಗೆ ಒಂದೂವರೆ ಗಂಟೆ ದಾರಿ, ಪಕ್ಕದಲ್ಲಿ ಹೆದ್ದಾರಿ, ಊರಿಗೆ ರೈಲು. ಇಂಥ ಕಡೆ ಮನೆಯಿಲ್ಲದವರಿಗೆ ಜಾಗ ಕೇಳಿದರೆ ತಪ್ಪಲ್ಲ. ಆದರೆ ಟೌನ್‌ಶಿಪ್ ಅಂದ ಕೂಡಲೇ ಅದು ಬಡವರ ಸೈಟು ಅಂತ ನಂಬುವಷ್ಟು ಸಣ್ಣ ಮಕ್ಕಳಲ್ಲ ನಾವು, ಅಲ್ವಾ? ರೇಸ್ ಕೋರ್ಸ್ ತಂದರೆ ಕುದುರೆಯೇ ಇರುತ್ತಲ್ಲ ಅನ್ನೋ ವಾದವೂ ಪೂರ್ತಿ ಸರಿಯಿಲ್ಲ. ಓಡೋ ಕುದುರೆಗೆ ಬೇಕಾದ್ದು ಟ್ರ್ಯಾಕು, ಲಾಯ, ಜನ ಕೂರೋ ಗ್ಯಾಲರಿ. ಈಯೋ ಕುದುರೆಗೆ ಬೇಕಾದ್ದು ಹುಲ್ಲು, ನೆರಳು, ಸದ್ದಿಲ್ಲದ ರಾತ್ರಿ. ಎರಡನ್ನೂ ಒಂದೇ ಬೇಲಿಯೊಳಗೆ ಇಡಬಹುದು, ಜಾಗ ಗಟ್ಟಿಯಾಗಿ ಭಾಗ ಮಾಡಿದರೆ. ಇಲ್ಲದಿದ್ದರೆ ಮೊದಲು ಕರಗುವುದು ಹುಲ್ಲುಗಾವಲು.

ನನ್ನ ಪ್ರಕಾರ ಪರಂಪರೆ ಅನ್ನೋ ಮಾತನ್ನು ಟಿಪ್ಪು ಕಾಲದ ಗೋಡೆಗೆ ಕಟ್ಟಿಹಾಕಬಾರದು. ಗೋಡೆಯನ್ನು ಬೋರ್ಡು ಹಾಕಿ ಉಳಿಸಬಹುದು. ಮುಂದಿನ ಗುತ್ತಿಗೆಯ ಪತ್ರದಲ್ಲಿ ಕುದುರೆಯ ಬಗ್ಗೆ ಏನು ಬರೆದಿದೆ ಅನ್ನೋದನ್ನು ನೋಡಬೇಕು. ಗುತ್ತಿಗೆದಾರರು ಎಷ್ಟು ಹೆಣ್ಣು ಕುದುರೆ ಇಟ್ಟುಕೊಂಡಿರಲೇಬೇಕು? ಬಿಟ್ಟುಹೋಗುವಾಗ ಅವುಗಳಲ್ಲಿ ಒಂದು ಪಾಲು ಫಾರಂಗೆ ಬಿಡಬೇಕೋ, ಎಲ್ಲವನ್ನೂ ಲಾರಿಗೆ ಹತ್ತಿಸಿಕೊಂಡು ಹೋಗಬಹುದೋ? ಕೆಲಸಕ್ಕಿರುವ ಸೈಸ್‌ಗಳು ಹೊಸ ಗುತ್ತಿಗೆದಾರರ ಪಟ್ಟಿಯಲ್ಲಿ ಇರುತ್ತಾರೋ ಇಲ್ಲವೋ? ಎಕರೆಗೆ ಬಾಡಿಗೆ ಎಷ್ಟು ಅನ್ನೋದರ ಮೇಲೆ ಬಿಸಿಬಿಸಿ ಚರ್ಚೆ ಆಗುತ್ತೆ, ಈ ಮೂರು ಪ್ರಶ್ನೆ ಕೇಳೋರು ಕಾಣುವುದಿಲ್ಲ. ಗುತ್ತಿಗೆಯಲ್ಲಿ ಕೊಟ್ಟದ್ದು ನೆಲ. ನೆಲ ಸರ್ಕಾರಕ್ಕೆ ವಾಪಸ್ ಬರುತ್ತೆ. ಕುದುರೆ, ಅದನ್ನು ಕೊಂಡವರದ್ದು.

ಅಮೆರಿಕದವರೂ ಒಮ್ಮೆ ಗಂಡು ಕುದುರೆಗೆ ಲಗಾಮು ಹಾಕಲು ಹೋಗಿದ್ದರು. ಒಂದೇ ಗಂಡು ವರ್ಷಕ್ಕೆ ಇನ್ನೂರು ಹೆಣ್ಣು ದಾಟಿ, ಎಲ್ಲ ಮರಿಗಳೂ ಒಂದೇ ರಕ್ತವಾಗುತ್ತಿವೆ ಅಂತ 2020ರಲ್ಲಿ ಅಲ್ಲಿನ ವಂಶಾವಳಿ ಪುಸ್ತಕ ಇಟ್ಟಿರುವ ಜಾಕಿ ಕ್ಲಬ್ 140ರ ಮಿತಿ ಹಾಕಿತು. ದೊಡ್ಡ ಫಾರಂಗಳು ಕೋರ್ಟಿಗೆ ಹೋದವು. 2022ರಲ್ಲಿ ಕ್ಲಬ್ ಆ ನಿಯಮವನ್ನು ವಾಪಸ್ ತೆಗೆದುಕೊಂಡಿತು. ಅದೇ ವರ್ಷ ಕುಣಿಗಲ್‌ನಲ್ಲಿ ಗುತ್ತಿಗೆ ಮುಗಿದಿತ್ತು. ಅದರ ಹಿಂದಿನ ವರ್ಷ ಗಬ್ಬ ನಿಂತ ಹೆಣ್ಣುಗಳು ಅವಧಿ ಮುಗಿದದ್ದು ಗೊತ್ತಿಲ್ಲದೆ ಅಲ್ಲೇ ಈದವು. ಆ ಮರಿಗಳಲ್ಲಿ ಹೆಣ್ಣಾಗಿ ಹುಟ್ಟಿದವು ಈಗ ರೇಸ್ ಮುಗಿಸಿ ತವರಿಗೆ ಮರಳುವ ವಯಸ್ಸಿನಲ್ಲಿವೆ.